ಮದುವೆಯಲ್ಲಿ ಉಳಿದ ಅಡುಗೆ ಆಶ್ರಮಕ್ಕೆ ಕೊಟ್ಟು ಹೆಚ್ಚುಕಮ್ಮಿಯಾದರೆ ಕೇಸು ಯಾರ ಮೇಲೆ?

ಬಳ್ಳಾರಿ ಬಾಣಸಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿಯಲ್ಲಿ ಅಡುಗೆ ಕಂಟ್ರಾಕ್ಟು. ಮದುವೆ, ಸೀಮಂತ, ಗೃಹಪ್ರವೇಶ ಎಲ್ಲ ಮಾಡ್ತೀವಿ, ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ. 800 ಎಲೆಗೆ ಹೇಳಿ 600 ಎಲೆ ಬಿದ್ದರೆ ಅನ್ನ, ಸಾಂಬಾರು, ಪಲ್ಯ, ಗೋಧಿ ಹುಗ್ಗಿ ಕೊಪ್ಪರಿಗೆಯಲ್ಲಿ ಮುಟ್ಟದ ಹಾಗೇ ಉಳಿಯುತ್ತೆ. ಕೊಡೋಕೆ ವೃದ್ಧಾಶ್ರಮ, ಅನಾಥಾಶ್ರಮ, ಆಸ್ಪತ್ರೆ ಮುಂದೆ ರೋಗಿಗಳ ಜೊತೆ ಬಂದು ಕಾಯೋ ಜನ, ಎಲ್ಲ ಇದ್ದಾರೆ. ಆದರೆ ಮಂಟಪದವರು "ಯಾರಿಗಾದರೂ ವಾಂತಿ ಭೇದಿ ಆದರೆ ನಮ್ಮ ಹೆಸರು ಬರುತ್ತೆ, ಗುಂಡಿಗೆ ಸುರೀರಿ" ಅಂತಾರೆ. ಅಷ್ಟು ಅನ್ನ ಗುಂಡಿಗೆ ಹೋಗೋದು ನೋಡೋಕಾಗಲ್ಲ.

ಅಮೆರಿಕದಲ್ಲಿ ಊಟ ದಾನ ಕೊಟ್ಟವರ ಮೇಲೆ ಕೇಸು ಹಾಕೋ ಹಾಗಿಲ್ಲ ಅಂತ ಕಾನೂನು ಇದೆಯಂತೆ. ನಮ್ಮಲ್ಲಿ ಅಂಥದ್ದು ಇದೆಯಾ? ಆಶ್ರಮದವರಿಂದ "ಏನಾದರೂ ಆದರೆ ನಮ್ಮದೇ ಜವಾಬ್ದಾರಿ" ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ಸಾಕಾ? ಕೊಡೋದಾದರೆ ಯಾವ ಪದಾರ್ಥ, ಎಷ್ಟು ಹೊತ್ತಿನೊಳಗೆ? ತಿಳಿದವರು ಬಿಡಿಸಿ ಹೇಳಿ.

ಕಾಯ್ದೆ ಕಟ್ಟಳೆ, ರಾಯಚೂರು:

ಮೊದಲು ಅಮೆರಿಕದ ವಿಷಯ. ಅಲ್ಲಿ 1996ರ ಬಿಲ್ ಎಮರ್ಸನ್ ಕಾಯ್ದೆ ಇದೆ. ಒಳ್ಳೆಯ ಉದ್ದೇಶದಿಂದ, ನೋಡಲು ಚೆನ್ನಾಗಿಯೇ ಇರುವ ಆಹಾರವನ್ನು ಲಾಭರಹಿತ ಸಂಸ್ಥೆಗೆ ಕೊಟ್ಟವರಿಗೆ ಅದು ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ರಕ್ಷಣೆ ಕೊಡುತ್ತದೆ. ಘೋರ ನಿರ್ಲಕ್ಷ್ಯ ಇದ್ದರೆ, ಬೇಕೆಂದೇ ಮಾಡಿದ ತಪ್ಪಿದ್ದರೆ ಅಲ್ಲಿಯೂ ರಕ್ಷಣೆ ಇಲ್ಲ. 2023ರ ಜನವರಿಯಲ್ಲಿ ಇನ್ನೊಂದು ಕಾಯ್ದೆ ತಂದು, ಸಂಸ್ಥೆಯ ಮೂಲಕ ಹೋಗದೆ ಹಸಿದವರಿಗೆ ನೇರವಾಗಿ ಕೊಡುವ ಕೆಲವು ಬಗೆಯ ದಾನಿಗಳಿಗೂ ಅದನ್ನು ವಿಸ್ತರಿಸಿದರು.

ನಮ್ಮಲ್ಲಿ ಹಾಗೆ ದಾನಿಯನ್ನು ಹೊಣೆಯಿಂದ ಬಿಡಿಸುವ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಅದರಡಿ ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ಹಂಚಿಕೆಗೆಂದೇ ಮಾಡಿದ 2019ರ ನಿಯಮಾವಳಿ. ಇದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಕೊಡುವವರು ಏನು ಮಾಡಬೇಕು, ಹಂಚುವ ಸಂಸ್ಥೆ ಏನು ದಾಖಲೆ ಇಡಬೇಕು ಎಂಬುದನ್ನು ಈ ನಿಯಮಾವಳಿ ಹೇಳುತ್ತದೆ. ಮೂಲ ಕಾಯ್ದೆಯ 88ನೇ ಕಲಮಿನಲ್ಲಿ ಸದುದ್ದೇಶದಿಂದ ಮಾಡಿದ ಕ್ರಮಕ್ಕೆ ರಕ್ಷಣೆ ಎಂದು ಇರುವುದನ್ನು ತೋರಿಸಿ ಕೆಲವರು ಧೈರ್ಯ ಹೇಳುತ್ತಾರೆ. ಅದು ಸರ್ಕಾರಕ್ಕೆ, ಪ್ರಾಧಿಕಾರಕ್ಕೆ, ಅಧಿಕಾರಿಗಳಿಗೆ ಇರುವ ರಕ್ಷಣೆ. ಅಡುಗೆಯವರಿಗಲ್ಲ, ಆಶ್ರಮಕ್ಕೂ ಅಲ್ಲ.

"ದುಡ್ಡು ತಗೊಂಡಿಲ್ಲ, ಪುಣ್ಯಕ್ಕೆ ಕೊಟ್ಟಿದ್ದು" ಎಂಬ ವಾದವೂ ದೂರ ಹೋಗುವುದಿಲ್ಲ. ಲಾಭಕ್ಕಿರಲಿ ಬಿಡಲಿ, ಆಹಾರದ ಕೆಲಸ ನಡೆಸುವ ಯಾವುದೇ ಉದ್ಯಮ ಆಹಾರ ವ್ಯವಹಾರವೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಅಸುರಕ್ಷಿತ ಆಹಾರದ ಶಿಕ್ಷೆ ಹೇಳುವ 59ನೇ ಕಲಮು ಮಾರುವವರ ಜೊತೆಗೆ ಹಂಚುವವರನ್ನೂ ಹೆಸರಿಸುತ್ತದೆ. ಯಾರಿಗೂ ಏನೂ ಆಗದಿದ್ದರೂ 3 ತಿಂಗಳವರೆಗೆ ಜೈಲು, 3 ಲಕ್ಷದವರೆಗೆ ದಂಡ. ಆರೋಗ್ಯ ಕೆಟ್ಟರೆ 1 ವರ್ಷದವರೆಗೆ, ತೀವ್ರ ಹಾನಿಯಾದರೆ 6 ವರ್ಷದವರೆಗೆ. ಸಾವಾದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು, ದಂಡ 10 ಲಕ್ಷಕ್ಕೆ ಕಡಿಮೆ ಇಲ್ಲ. 65ನೇ ಕಲಮಿನ ಪರಿಹಾರ ಬೇರೆ. ಸಾವಿಗೆ ಕನಿಷ್ಠ 5 ಲಕ್ಷ. ಇದರ ಜೊತೆಗೆ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 125 ಮತ್ತು 106ನೇ ಕಲಮುಗಳನ್ನೂ ಹಾಕಬಹುದು. ಮೊದಲನೆಯದು ಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯ, ಎರಡನೆಯದು ನಿರ್ಲಕ್ಷ್ಯದಿಂದ ಸಾವು.

ಇಷ್ಟು ಓದಿ ಗುಂಡಿಗೆ ಸುರಿಯುವುದೇ ಸರಿ ಅಂದುಕೊಳ್ಳಬೇಡಿ. ನಿಮ್ಮನ್ನು ಕಾಯುವ ಕಲಮು 80. ಸಮಂಜಸವಾದ ಎಲ್ಲ ಎಚ್ಚರಿಕೆ ವಹಿಸಿದ್ದೆ, ತಪ್ಪು ನಡೆಯದಂತೆ ತಕ್ಕ ಜಾಗ್ರತೆ ಮಾಡಿದ್ದೆ ಎಂದು ತೋರಿಸಿಕೊಟ್ಟರೆ ಅದನ್ನು ಪ್ರತಿವಾದವಾಗಿ ಒಪ್ಪಬೇಕು ಎಂದು ಅದು ಹೇಳುತ್ತದೆ. ತೋರಿಸುವ ಹೊರೆ ಮಾತ್ರ ನಿಮ್ಮದೇ. ಅದೇ ಕಲಮು ಇನ್ನೊಂದನ್ನೂ ಹೇಳುತ್ತದೆ: "ಚೆನ್ನಾಗಿದೆ ಅಂತ ನಂಬಿದ್ದೆ" ಎಂಬ ತಪ್ಪು ನಂಬಿಕೆ, ಎಷ್ಟೇ ಸಹಜವಾಗಿದ್ದರೂ, ಪ್ರತಿವಾದ ಆಗುವುದಿಲ್ಲ. ಮೂಸಿ ನೋಡಿದೆ, ರುಚಿ ನೋಡಿದೆ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಎಷ್ಟು ಗಂಟೆಗೆ ಇಳಿಸಿದ್ದು, ಕೊಡುವಾಗ ಎಷ್ಟು ಡಿಗ್ರಿ ಇತ್ತು, ಯಾರ ಕೈಗೆ ಹೋಯಿತು ಎಂದು ಆಗಲೇ ಬರೆದಿಟ್ಟ ಹಾಳೆ ನಿಲ್ಲುತ್ತದೆ.

ಬಾಂಡ್ ಪೇಪರಿನಿಂದ ಅರ್ಧ ಕೆಲಸ ಆಗುತ್ತದೆ. ನಷ್ಟಭರ್ತಿಯ ಒಪ್ಪಂದವಾಗಿ ಅದು ನಿಮ್ಮ ಮತ್ತು ಸಂಸ್ಥೆಯ ನಡುವೆ ಸಿಂಧು. ನೀವು ಪರಿಹಾರ ಕಟ್ಟಬೇಕಾಗಿ ಬಂದರೆ ಆ ಮೊತ್ತವನ್ನು ಅವರಿಂದ ಕೇಳಬಹುದು. ಆದರೆ ಊಟ ಮಾಡಿದ ಮಗು ಅದಕ್ಕೆ ಸಹಿ ಹಾಕಿಲ್ಲ, ಹಾಕಿದ್ದರೂ ಅಪ್ರಾಪ್ತರ ಕರಾರು ಊರ್ಜಿತವಲ್ಲ. ಕ್ರಿಮಿನಲ್ ಕೇಸನ್ನು ಯಾವ ಕರಾರೂ ತಡೆಯುವುದಿಲ್ಲ. ಇನ್ಶೂರೆನ್ಸ್ ಮಾಡಿಸಿದರೂ ಪರಿಹಾರದ ಹಣಕ್ಕೆ, ವಕೀಲರ ಖರ್ಚಿಗೆ ಆದೀತು. ದಂಡಕ್ಕೆ, ಜೈಲಿಗೆ ಆಗದು. ಪಾಲಿಸಿ ಮಾಡಿಸುವಾಗ ಉಚಿತವಾಗಿ ಕೊಟ್ಟ ಆಹಾರವೂ ಸೇರಿದೆ ಎಂದು ಲಿಖಿತವಾಗಿ ಬರೆಸಿಕೊಳ್ಳಿ.

ಬಾಂಡಿಗಿಂತ ಮುಖ್ಯವಾದ ಕಾಗದ ಇನ್ನೊಂದಿದೆ, ಅದನ್ನೇ ಎಲ್ಲರೂ ಮರೆಯುತ್ತಾರೆ. ದುಡ್ಡು ಕೊಟ್ಟು ಮಾಡಿಸಿದ ಅಡುಗೆ ಮದುವೆ ಮನೆಯವರದ್ದು. ನಿಮ್ಮ ಆರ್ಡರ್ ಫಾರ್ಮಿನಲ್ಲೇ ಒಂದು ಸಾಲು ಸೇರಿಸಿ: ಬಡಿಸದೆ ಉಳಿದ ಅಡುಗೆಯನ್ನು ನೋಂದಾಯಿತ ಸಂಸ್ಥೆಗೆ ಕೊಡಲು ನಮ್ಮ ಒಪ್ಪಿಗೆ ಇದೆ, ಕೊಡಬಹುದೋ ಇಲ್ಲವೋ ಎಂಬ ತೀರ್ಮಾನ ಅಡುಗೆಯವರದು. ಹೀಗಿದ್ದರೆ ರಾತ್ರಿ ಹತ್ತು ಗಂಟೆಗೆ ಬೀಗರ ಕಡೆಯವರು ಬಂದು "ಕೊಡ್ರಿ, ಏನಾಗಲ್ಲ" ಎಂದು ಒತ್ತಾಯ ಮಾಡಿದರೂ ನೀವು ಆಗಲ್ಲ ಅನ್ನಬಹುದು.

ಗಂಗಾವತಿ ಹುಡುಗ:

ಸರ್, ಒಂದು ಅನುಮಾನ. ಬಿಟ್ಟಿ ಊಟ ಮಾಡಿದವರು ಗ್ರಾಹಕರೇ ಅಲ್ಲ ಅಂತಾರಲ್ಲ? ಹಾಗಿದ್ದ ಮೇಲೆ ಪರಿಹಾರ ಹೇಗೆ ಕೇಳ್ತಾರೆ?

ಕಾಯ್ದೆ ಕಟ್ಟಳೆ, ರಾಯಚೂರು:

ನೀವು ಹೇಳುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಲ್ಲಿ ಮುಖ್ಯವಾಗಿ ಬೆಲೆ ಕೊಟ್ಟು ಕೊಂಡವರು ಗ್ರಾಹಕರು, ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾನದ ಊಟದ ದೂರು ನಿಲ್ಲುವುದು ಕಷ್ಟ. ಆಹಾರ ಸುರಕ್ಷತಾ ಕಾಯ್ದೆಯ ಗ್ರಾಹಕ ಬೇರೆ. ಆ ವ್ಯಾಖ್ಯೆಯಲ್ಲಿ ಆಹಾರವನ್ನು ಕೊಳ್ಳುವುದರ ಜೊತೆಗೆ ಪಡೆಯುವುದೂ ಸೇರಿದೆ. ಇವೆರಡರ ನಡುವೆ ವಕೀಲರು ವಾದ ಬೆಳೆಸಬಹುದು, ನಿಜ. ಆದರೆ ಆ ವಾದದ ಮೇಲೆ ಭಾರ ಹಾಕಿ ಊಟ ಕಳಿಸಬೇಡಿ. 59ನೇ ಕಲಮಿನ ಕೇಸಿಗೆ ತಿಂದವರು ದುಡ್ಡು ಕೊಟ್ಟರೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ.

ಅರವತ್ತು ಡಿಗ್ರಿ:

ಕಾನೂನು ಮೇಲಿನವರು ಹೇಳಿದ್ದಾರೆ. ನಾನು ಅಡುಗೆಮನೆ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಕೇಸು ಹುಟ್ಟುವುದೇ ಅಲ್ಲಿ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೆಳೆಯುತ್ತವೆ. ಅದರಲ್ಲೂ 30ರಿಂದ 40ರ ಆಸುಪಾಸಿನಲ್ಲಿ ಬಲು ಬೇಗ. ಬೇರೆ ಊರಿನ ಪುಸ್ತಕಗಳಲ್ಲಿ ಅಡುಗೆ ಹೊರಗಿಟ್ಟು ಎರಡು ಗಂಟೆ, ನಾಲ್ಕು ಗಂಟೆ ಎಂದು ಬರೆದಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ತಗಡಿನ ಶೆಡ್ಡಿನ ಅಡುಗೆಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಹೊರಗೆ 40 ದಾಟಿರುವಾಗ ಅನ್ನ ಆರುವುದೇ ಇಲ್ಲ, ಉಗುರುಬೆಚ್ಚಗೆ ನಿಂತುಬಿಡುತ್ತದೆ. ಅದೇ ಅಪಾಯದ ಮಟ್ಟ. ಬೇಸಿಗೆಯಲ್ಲಿ 60 ಡಿಗ್ರಿಗಿಂತ ಕೆಳಗಿಳಿದು ಒಂದು ಗಂಟೆಯಾದದ್ದನ್ನು ಕೊಡಬೇಡಿ. ಚಳಿಗಾಲದಲ್ಲಿ ಎರಡು ಗಂಟೆ, ಅದಕ್ಕಿಂತ ಹೆಚ್ಚು ಬೇಡ.

ಅನ್ನದ ಬಗ್ಗೆ ವಿಶೇಷವಾಗಿ ಹೇಳಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅಕ್ಕಿಯಲ್ಲೇ ಬೀಜಾಣು ರೂಪದಲ್ಲಿ ಇರುತ್ತದೆ, ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಕೂತ ಅನ್ನದಲ್ಲಿ ಮೊಳೆತು ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗದು. ಹಾಗಾಗಿ "ಆಶ್ರಮದಲ್ಲಿ ಬಿಸಿ ಮಾಡಿ ಬಡಿಸ್ತಾರೆ ಬಿಡಿ" ಎಂಬ ಸಮಾಧಾನ ಅನ್ನಕ್ಕೆ, ಚಿತ್ರಾನ್ನಕ್ಕೆ, ಪಲಾವಿಗೆ ನಡೆಯುವುದಿಲ್ಲ. ಮಧ್ಯಾಹ್ನದ ಅನ್ನವನ್ನು ರಾತ್ರಿ ಒಗ್ಗರಣೆ ಹಾಕಿ ಕಳಿಸುವುದಂತೂ ಕೂಡದು. ವಾಸನೆಯಲ್ಲಿ, ರುಚಿಯಲ್ಲಿ ಏನೂ ಗೊತ್ತಾಗುವುದಿಲ್ಲ.

ಸಾಂಬಾರು, ಬೇಳೆ ಸಾರು, ಮಾಂಸದ ಸಾರಿನ ತೊಂದರೆ ದೊಡ್ಡ ಪಾತ್ರೆಯದು. ಕೊಪ್ಪರಿಗೆಯ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಗಾಳಿಯಾಡುವುದಿಲ್ಲ. ಇನ್ನೊಂದು ಬ್ಯಾಕ್ಟೀರಿಯಾ, ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್‌ಗೆ ಅದೇ ಬೇಕು. ಇದಕ್ಕೆ ಮದ್ದು ಇದೆ: ಕೊಡುವ ಮುನ್ನ ಗುಳ್ಳೆ ಬರುವ ಹಾಗೆ ಕುದಿಸಿ, 75 ಡಿಗ್ರಿ ದಾಟಿದ್ದನ್ನು ನೋಡಿ ಬಿಸಿಯಾಗಿಯೇ ತುಂಬಿ.

ಯಾವುದನ್ನು ಕೊಡಬಾರದು ಅಂದರೆ: ಎಲೆಗೆ ಬಡಿಸಿದ್ದು, ಬಫೆ ಕೌಂಟರಿನಲ್ಲಿ ಮುಚ್ಚಳ ತೆಗೆದಿಟ್ಟ ಟ್ರೇ, ಬಡಿಸುವವರು ಪಂಕ್ತಿಯಲ್ಲಿ ಓಡಾಡಿಸಿ ವಾಪಸು ತಂದ ಬಕೆಟ್ಟು. ಮೊಸರನ್ನ, ಕೋಸಂಬರಿ, ಹಸಿ ಕೊಬ್ಬರಿ ಚಟ್ನಿ, ಕೆನೆ ಹಾಕಿದ ಸಿಹಿ, ಖೋವಾ ಸಿಹಿ ಕೂಡ ಬೇಡ. ಖೋವಾದಲ್ಲಿ ಕೈಯಿಂದ ಬರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ವಿಷವೂ ಬಿಸಿಗೆ ಜಗ್ಗುವುದಿಲ್ಲ. ಹಾಲು ಹಾಕಿದ ಹುಗ್ಗಿಯನ್ನು ಪಾಯಸದ ಲೆಕ್ಕಕ್ಕೆ ಸೇರಿಸಿ, ಬಿಸಿಯಿದ್ದಾಗಲೇ ಹೋಗಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ನಿರಾಳವಾಗಿ ಕೊಡಬಹುದು. ನೀರಿನಂಶ ಕಡಿಮೆ ಇರುವುದರಿಂದ ರೋಗಾಣು ಬೆಳೆಯಲು ಆಸ್ಪದವಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಮೊದಲೇ ರೊಟ್ಟಿ ಬಂದು ಸೇರಲು ಆಗುವುದೂ ಅದು ಒಣಗಿದ ರೊಟ್ಟಿ ಆಗಿರುವುದರಿಂದಲೇ. ಶೇಂಗಾ ಇದೆ ಎಂದು ಡಬ್ಬಿಯ ಮೇಲೆ ಬರೆಯಿರಿ, ಅಲರ್ಜಿ ಇರುವವರಿಗೆ ಅದೊಂದೇ ಸೂಚನೆ.

ಥರ್ಮಾಮೀಟರ್ ಕಡ್ಡಿಯದ್ದು ತಗೊಳ್ಳಿ, ದುಬಾರಿ ಏನಲ್ಲ. ಪಾತ್ರೆಯ ಅಂಚಿಗೆ ಚುಚ್ಚಬೇಡಿ, ನಟ್ಟನಡುವೆ ಆಳಕ್ಕೆ ಚುಚ್ಚಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಒಂದು ಪದಾರ್ಥದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ ಹಚ್ಚಿ ಒರೆಸಿ. ಸರಿ ತೋರಿಸುತ್ತಿದೆಯೇ ಎಂದು ನೋಡಲು ಪುಡಿ ಮಾಡಿದ ಐಸ್ ನೀರಿನಲ್ಲಿ ಅದ್ದಿ, 0 ಬರಬೇಕು. ಕುದಿಯುವ ನೀರಿನಲ್ಲಿ ನಮ್ಮ ಕಡೆ 100 ಬರುವುದಿಲ್ಲ, ಬಳ್ಳಾರಿಯ ಎತ್ತರಕ್ಕೆ 98ರಿಂದ 99 ಬಂದರೆ ಸರಿ.

ಸಾಗಿಸಲು ಸ್ಟೀಲಿನ ಹಾಟ್‌ಬಾಕ್ಸ್. ತುಂಬುವ ಮುನ್ನ ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಿ. ತಣ್ಣನೆಯ ಡಬ್ಬಿಗೆ ಹಾಕಿದರೆ ಮೊದಲ ಕೆಲವೇ ನಿಮಿಷದಲ್ಲಿ ಬಿಸಿಯೆಲ್ಲ ಲೋಹ ಕುಡಿದುಬಿಡುತ್ತದೆ. ಕಂಠದವರೆಗೆ ತುಂಬಿ, ಅರ್ಧ ಖಾಲಿ ಇದ್ದರೆ ಬೇಗ ಇಳಿಯುತ್ತದೆ. ದಾರಿಯಲ್ಲಿ ತೆಗೆದು ನೋಡಬೇಡಿ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೊನೆಯ ಕೊಪ್ಪರಿಗೆಗೆ ಅಕ್ಕಿ ಹಾಕುವ ಮುನ್ನ ಎಲೆ ಎಣಿಸಿ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಜನ ಎಷ್ಟು ಬರುತ್ತಾರೆಂಬುದು ಗೊತ್ತಾಗುತ್ತದೆ. ತೊಳೆಯದ ಅಕ್ಕಿ, ಬೇಳೆ, ಹೆಚ್ಚದ ತರಕಾರಿ, ಬಿಚ್ಚದ ಎಣ್ಣೆ ಪ್ಯಾಕೆಟ್ಟು ಉಳಿದರೆ ಆಶ್ರಮಕ್ಕೆ ಅದಕ್ಕಿಂತ ಒಳ್ಳೆಯ ದಾನ ಇಲ್ಲ. ಹುಳ ಬೂಸ್ಟು ಇಲ್ಲದ್ದು, ತಾರೀಖು ಮುಗಿಯದ್ದು ಅಂತ ನೋಡಿಕೊಂಡರೆ ಬೇಯಿಸಿದ ಅನ್ನದ ಭಯ ಇಲ್ಲಿಲ್ಲ.

ತುತ್ತು ಹಂಚುವವರು, ಕೊಪ್ಪಳ:

ನಾವು ತಗೊಳ್ಳೋ ಕಡೆಯವರು. ನಮ್ಮ ಕಡೆ ಹೇಗಿದ್ದರೆ ನಿಮಗೆ ಕ್ಷೇಮ ಅಂತ ಹೇಳ್ತೀನ್ರಿ.

ಮೊದಲು ಸಂಸ್ಥೆಯ ಎಫ್‌ಎಸ್‌ಎಸ್‌ಎಐ ನಂಬರ್ ಕೇಳ್ರಿ. ಹೆಚ್ಚುವರಿ ಆಹಾರ ಹಂಚೋ ಸಂಸ್ಥೆಗೂ ನೋಂದಣಿ ಅಥವಾ ಲೈಸೆನ್ಸ್ ಬೇಕೇ ಬೇಕು, ಪ್ರಾಧಿಕಾರದ ಲೈಸೆನ್ಸ್ ನೋಡೋ ಫಾಸ್‌ಕಾಸ್ ಪೋರ್ಟಲ್‌ನಾಗ ನಂಬರ್ ಹಾಕಿದರೆ ಚಾಲ್ತಿ ಐತೋ ಇಲ್ಲೋ ತೋರಸ್ತದ. ನಂಬರ್ ಇಲ್ಲದ ವಾಟ್ಸ್ಆಪ್ ಗುಂಪಿನವರು ಎಷ್ಟು ಒಳ್ಳೆಯವರಿದ್ದರೂ ಕೇಸು ಬಂದ ದಿನ ನಿಮ್ಮ ಜಾಗ್ರತೆಯ ವಾದಕ್ಕೆ ಅದೇ ತೂತು ಆಗ್ತದ. ಮಠ, ಗುಡಿ, ಸಾರ್ವಜನಿಕ ಸಮಾರಂಭದಾಗ ಪ್ರಸಾದ ಹಂಚೋರೂ ನೋಂದಣಿ ವ್ಯಾಪ್ತಿಗೇ ಬರ್ತಾರ.

ಕೊಡುವಾಗ ಎರಡು ಪ್ರತಿ ಚೀಟಿ ಮಾಡ್ರಿ, ಕಾರ್ಬನ್ ಪುಸ್ತಕ ಸಾಕು. ಪದಾರ್ಥದ ಹೆಸರು, ಸಸ್ಯಾಹಾರವೋ ಮಾಂಸಾಹಾರವೋ, ಎಷ್ಟು ಕಿಲೋ, ಒಲೆಯಿಂದ ಇಳಿಸಿದ ಹೊತ್ತು, ಕೈ ಬದಲಾದ ಹೊತ್ತು, ಆಗಿನ ಡಿಗ್ರಿ, ಎಷ್ಟರೊಳಗ ಉಣಬೇಕು, ಗಾಡಿ ನಂಬರ್, ಇಬ್ಬರ ಸಹಿ. ಡಬ್ಬಿ ಮೇಲೂ ಹೆಸರು, ಎಲ್ಲಿಂದ ಬಂದದ್ದು, ಮಾಡಿದ ಹೊತ್ತು, ಮುಗಿಯೋ ಹೊತ್ತು ಬರೆದ ಚೀಟಿ ಅಂಟಸ್ರಿ. ಡಿಗ್ರಿ ಬರೆಯೋ ಕಾಲಂ ಖಾಲಿ ಬಿಟ್ಟು ಸಹಿ ಹಾಕೋದು ನಮ್ಮ ಕಡೆ ಬಾಳ ನಡೀತದ. ಖಾಲಿ ಕಾಲಂ ಇರೋ ಹಾಳೆ ಹಾಳೆ ಇಲ್ಲದಕ್ಕಿಂತ ಕೆಟ್ಟದ್ದು. ಅಳೀಬೇಕು ಅಂತ ಗೊತ್ತಿದ್ದೂ ಅಳೀಲಿಲ್ಲ ಅನ್ನೋದನ್ನ ಅದೇ ಸಾಬೀತು ಮಾಡ್ತದ.

ತಗೊಳ್ಳೋರು ಬೇಡ ಅಂದರೆ ಬೇಸರ ಮಾಡಿಕೊಳ್ಳಬ್ಯಾಡ್ರಿ. ಅನ್ನ 60ಕ್ಕಿಂತ ಕೆಳಗ ಬಂದಿತ್ತು ಅಂದರ ವಾಪಸ್ ಕಳಿಸೋದು ಅವರ ಕರ್ತವ್ಯ. ಅದನ್ನೂ ಚೀಟಿಯಾಗ ಬರೀರಿ, ದನಕ್ಕೆ ಹಾಕಿದ್ದು ಅಥವಾ ಗೊಬ್ಬರಕ್ಕೆ ಹಾಕಿದ್ದು ಅಂತ. ಹಾಗೆ ತೆಗೆದುಹಾಕಿದ ದಾಖಲೆ ಇರೋ ಪುಸ್ತಕ ನೋಡಿದರೆ ಅಧಿಕಾರಿಗಳಿಗೂ ನಂಬಿಕೆ ಬರ್ತದ.

ಮಕ್ಕಳ ಹಾಸ್ಟೆಲ್, ಬಾಲಮಂದಿರಕ್ಕ ನೇರವಾಗಿ ಒಯ್ದು ಗೇಟಿನಾಗ ಕೊಡಬ್ಯಾಡ್ರಿ. ಮೇಲಧಿಕಾರಿಯಿಂದ ಮೊದಲೇ ಲಿಖಿತ ಒಪ್ಪಿಗೆ ಇರಬೇಕು. ಸಣ್ಣ ಮಕ್ಕಳು, ವಯಸ್ಸಾದವರು, ಬಸುರಿ ಹೆಣ್ಣುಮಕ್ಕಳು, ಆಸ್ಪತ್ರೆಯಾಗ ಮಲಗಿದವರು ಇಂಥವರಿಗೆ ಸ್ವಲ್ಪ ಕೆಟ್ಟ ಊಟವೂ ದೊಡ್ಡದಾಗ್ತದ. ಆಸ್ಪತ್ರೆ ಮುಂದೆ ಹಂಚೋದಾದರೆ ರೋಗಿಗಳ ಜೊತೆ ಬಂದವರಿಗೆ ಮಾತ್ರ, ಅಲ್ಲೇ ಉಣಬೇಕು, ಕಟ್ಟಿಕೊಂಡು ಹೋಗಿ ರಾತ್ರಿಗೆ ಇಟ್ಟುಕೊಳ್ಳೋ ಹಾಗಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ.

ಬಳ್ಳಾರಿ ಬಾಣಸಿಗ:

ಎಲ್ಲರಿಗೂ ಅನಂತ ಧನ್ಯವಾದ. ಆರ್ಡರ್ ಫಾರ್ಮಿಗೆ ಆ ಸಾಲು ಇವತ್ತೇ ಸೇರಿಸ್ತೀವಿ. ಇನ್ನು ಎರಡು. ಇಷ್ಟೆಲ್ಲ ಮಾಡಿದ ಮೇಲೂ "ನಾಲ್ಕು ಜನಕ್ಕೆ ವಾಂತಿ" ಅಂತ ಫೋನ್ ಬಂದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು? ಮಟನ್ ಬಿರಿಯಾನಿ ಕೊಡಬಹುದಾ? ತೋರಣಗಲ್ಲು ಕಡೆ ಫ್ಯಾಕ್ಟರಿ ಕ್ಯಾಂಟೀನ್ ನಡೆಸೋ ನಮ್ಮ ಪರಿಚಯದವರೂ ಕೇಳ್ತಿದ್ದಾರೆ, ಅಲ್ಲಿ ಹೊಣೆ ಕಂಪನಿದೋ ಕಂಟ್ರಾಕ್ಟರ್‌ದೋ?

ಅರವತ್ತು ಡಿಗ್ರಿ:

ಬಿರಿಯಾನಿ ಅಂದರೆ ಅನ್ನದ ಅಪಾಯ, ಮಾಂಸದ ಅಪಾಯ ಎರಡೂ ಒಂದೇ ಹಂಡೆಯಲ್ಲಿ. ದಮ್ ಬಿಚ್ಚದ ಹಂಡೆ, ನಡುವೆ 65ಕ್ಕಿಂತ ಮೇಲಿದ್ದು, ಅರ್ಧ ಗಂಟೆಯೊಳಗೆ ಉಣ್ಣುವ ಜಾಗ ಇದ್ದರೆ ಕೊಡಿ. ಬಿಚ್ಚಿ ಸೌಟು ಹಾಕಿದ್ದಾದರೆ ಬೇಡ.

ಫೋನ್ ಬಂದ ಮೇಲಿನದ್ದಕ್ಕೆ ತಯಾರಿ ಅಡುಗೆಯ ದಿನವೇ ಆಗಿರಬೇಕು. ಕೊಡುವ ಪ್ರತಿ ಪದಾರ್ಥದಿಂದ 200 ಗ್ರಾಂ ತೆಗೆದು, ಕುದಿಯುವ ನೀರಿನಲ್ಲಿ ತೊಳೆದ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ತಾರೀಖು ಹೊತ್ತು ಬರೆದು ಫ್ರಿಜ್‌ನಲ್ಲಿ 72 ಗಂಟೆ ಇಡಿ. ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದರೆ ಪರ್‌ಫ್ರಿಂಜೆನ್ಸ್‌ನಂಥವು ಸತ್ತುಹೋಗಿ ಪರೀಕ್ಷೆಯಲ್ಲಿ ನಿಜ ತಿಳಿಯುವುದಿಲ್ಲ.

ಕಾಯ್ದೆ ಕಟ್ಟಳೆ, ರಾಯಚೂರು:

ಮೊದಲ ಫೋನು ಆ ಊಟ ತಲುಪಿದ ಎಲ್ಲ ಜಾಗಗಳಿಗೆ: ಉಣ್ಣುವುದನ್ನು ನಿಲ್ಲಿಸಿ, ಉಳಿದದ್ದನ್ನು ಚೆಲ್ಲದೆ ಮುಚ್ಚಿಡಿ. ಅಸ್ವಸ್ಥರಾದವರನ್ನು ಆಸ್ಪತ್ರೆಗೆ ಕಳಿಸಿ, ಏನು ತಿಂದರು, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಹೇಳಿ. ಎರಡನೆಯದು ಜಿಲ್ಲೆಯಲ್ಲಿ ಈ ಕಾಯ್ದೆಯ ಜಾರಿ ನೋಡಿಕೊಳ್ಳುವ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ, ನೀವಾಗಿಯೇ. ಪಾತ್ರೆ ತೊಳೆಯಬೇಡಿ, ಚೀಟಿ ತಿದ್ದಬೇಡಿ, ಆಮೇಲೆ ಹೊಸದಾಗಿ ಬರೆಯಲೂ ಬೇಡಿ. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ನಾಲ್ಕು ಭಾಗ ಮಾಡುತ್ತಾರೆ. ಒಂದು ಮಾದರಿ ಪರೀಕ್ಷಿಸುವ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಸ್ಥಳದಲ್ಲೇ ಲಿಖಿತವಾಗಿ ಕೇಳಬೇಕು, ಕೇಳದಿದ್ದರೆ ಹೋಗುವುದಿಲ್ಲ. ವಿಶ್ಲೇಷಕರ ವರದಿ 14 ದಿನದಲ್ಲಿ ಬರಬೇಕು. ಅದರ ವಿರುದ್ಧ ಮೇಲ್ಮನವಿಗೆ ವರದಿ ಕೈಗೆ ಬಂದ ದಿನದಿಂದ 30 ದಿನ.

ಕ್ಯಾಂಟೀನಿನ ವಿಷಯ. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕ್ಯಾಂಟೀನ್ ಇರಬೇಕು ಎಂಬ ನಿಯಮ ಹಿಂದೆ ಇತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 100 ಕಾರ್ಮಿಕರಿಗೆ ಇಳಿದಿದೆ, ನಡೆಸುವವರು ಸಾಮಾನ್ಯವಾಗಿ ಕಂಟ್ರಾಕ್ಟರು. ಯಾರ ಹೆಸರಿನಲ್ಲಿ ಲೈಸೆನ್ಸ್ ಇದೆಯೋ ಅವರೇ ಮೊದಲ ಹೊಣೆ. ಕಂಪನಿಯಾದರೆ 66ನೇ ಕಲಮಿನ ಪ್ರಕಾರ ಆಹಾರ ಸುರಕ್ಷತೆಗೆ ನಾಮನಿರ್ದೇಶನ ಮಾಡಿದ ವ್ಯಕ್ತಿ ಉತ್ತರ ಕೊಡಬೇಕು. ಯಾರನ್ನೂ ಹೆಸರಿಸಿಲ್ಲದಿದ್ದರೆ ವ್ಯವಹಾರದ ಉಸ್ತುವಾರಿ ಹೊತ್ತವರೆಲ್ಲ ಕೇಸಿನೊಳಗೆ ಬರುತ್ತಾರೆ. ನಿಮ್ಮ ಪರಿಚಯದವರು ಕಂಪನಿಯ ಲಿಖಿತ ಅನುಮತಿ ಇಲ್ಲದೆ ಗೇಟಿನಿಂದ ಒಂದು ಡಬ್ಬಿಯನ್ನೂ ಹೊರಗೆ ಕಳಿಸಬಾರದು. ಅನುಮತಿ ಪತ್ರದಲ್ಲಿ ಯಾವ ಸಂಸ್ಥೆಗೆ, ಯಾವ ಪಾಳಿಯ ಅಡುಗೆ, ಡಿಗ್ರಿ ಅಳೆದು ಸಹಿ ಹಾಕುವವರು ಯಾರು ಎಂಬ ಮೂರೂ ಇರಲಿ.